ಗಂಟು

ಮೊದಲು ಕರಿಬೇವು ಹೋತು.
ಒಗ್ಗರಣಿಗೆ ಎಸಳು ಹರಿಯಾಕ ಹೊರಗ ಬಂದರ
ಕಟ್ಟಿ ಮ್ಯಾಲ ಡಬ್ಬಿಯ ಗುರುತು ಮಾತ್ರ,
ದುಂಡಗ, ಇನ್ನೂ ಹಸಿ ಆರದ್ದು.
ಒಳಗ ಸಾಸಿವಿ ತನ್ನಷ್ಟಕ ಸಿಡಿದು ಸುಮ್ಮನಾತು.

ಆಮ್ಯಾಲ ಎರಡು ದಾಸವಾಳ.
ಅಮಾಸಿ ಮರುದಿನ ಲೋಳಸರ.
ಅದನ್ನೂ ಕದೀತಾರೇನವ್ವಾ,
ಕೇಳಿದ್ರ ಮುರದು ಕೊಡ್ತಿದ್ನೆಲ್ಲ!

ನವನಗರದಾಗ ಎಲ್ಲಾರಿಗೂ ಒಂದ ಅಳತಿಯ ಕಂಪೌಂಡ,
ಎದಿಮಟ. ಕೈ ಹಾಕಿದ್ರ ಸಿಗೂ ಹಂಗ.
ನಕ್ಷೆ ತಗದವರು
ಕಳ್ಳರ ಕೈ ಅಳತಿ ತಗೊಂಡಿದ್ದಿಲ್ಲ.

ಉಪಾಯ ಹೇಳಾಕ ಓಣಿಗೆ ಓಣಿನ ಬಂತು.
ಕ್ಯಾಮರಾ ಹಾಕಿಸ್ರಿ, ಹನ್ನೆರಡು ಸಾವಿರ, ಅಂದ್ರು ಕಟಗೇರಿ ಮಾಸ್ತರು.
ಹನ್ನೆರಡು ಸಾವಿರಕ್ಕ ಗುಡ್ಡದಷ್ಟು ಕರಿಬೇವು ಬರತೈತಲ್ರೀ ಸರ.
ಡಬ್ಬಿ ತಳಕ್ಕ ಹೆಸರು ಬರಿ ಬೇ, ಅಂದ್ಲು ದಿಲಶಾದಬಿ.
ಬರದೆ. ಕಳ್ಳ ಏನು ತಳ ಎತ್ತಿ ಓದತಾನ?
ನನ್ನ ಗಂಡ ಸಿಮೆಂಟ ಫ್ಯಾಕ್ಟರಿಯ ರಾತ್ರಿ ಪಾಳಿ ಮುಗಿಸಿ ಬಂದು
ಮಲ್ಲಿಗಿ ಕುಂಡ ಗೇಟಿಗೆ ಬಿಗಿದ, ಹಳೇ ಸೈಕಲ್ ಚೈನಿಲೆ.
ಕೀಲಿ ಹಾಕಿ, ಕೀಲಿಕೈ ಎಲ್ಲಿಟ್ಟನೋ ತಾನ ಮರತ.
ಮೂರು ದಿನ ಮಲ್ಲಿಗಿ ಕೈದಿ ಹಂಗ ನಿಂತಿತ್ತು.
ನಾಕನೇ ದಿನ
ಕುಂಡ ಐತಿ, ಚೈನ ಐತಿ, ಕೀಲಿ ಐತಿ.
ಗಿಡ ಇಲ್ಲ.
ಬೇರು ಸಮೇತ, ಆಸರದ ಕೋಲು ಸಮೇತ ಕಿತ್ಯಾರ, ಹಲ್ಲು ಕಿತ್ತಂಗ.

ಅವತ್ತ ನಾನು ಅತ್ತದ್ದು ಖರೇ.
ಗುಳೇದಗುಡ್ಡದ ಖಣಕ್ಕ ತೋಳು ಹಚ್ಚಾಕ ಕುಂತು
ಎಡದ ತೋಳು ಬಲಕ್ಕ ಹೊಲಿದೆ.
"ಗಿಡಕ್ಕ ಅಳತಾರೇನ? ನಿಮ್ಮಪ್ಪನ ಗಂಟು ಹೋತೇನು?"
ಅಂದ್ರು ನಮ್ಮತ್ತಿ, ಅಡಕಿ ಕತ್ತರಿಸಕೋತ.
ಅಪ್ಪನ ಗಂಟಲ್ಲ.
ಹಂಗ ನೋಡಿದ್ರ ನನ್ನದೂ ಅಲ್ಲ.

ಹಳೇ ಊರಿಗೆ ಹಿನ್ನೀರು ಬರೂ ವರ್ಷ
ಚೆಕ್ ತಗೊಂಡು ಬಿಟ್ಟು ಹೋದವರ ಮನಿ ಅದು.
ಬಾಗಲು, ಚೌಕಟ್ಟು, ಜಂತಿ ಎಲ್ಲಾ ಬಿಚ್ಚಿ ಒಯ್ದಿದ್ರು.
ಹಿತ್ತಲಾಗ ಈ ಮಲ್ಲಿಗಿ ಒಂದ, ಮೈತುಂಬ ಹೂವು,
ಯಾರಿಗಂತ ತಿಳೀದ.
ನನಗ ಹದಿನಾರು.
ಅತ್ತಾಗ ಇತ್ತಾಗ ನೋಡಿ, ಒಂದು ಕಡ್ಡಿ ಮುರದು
ಲಂಗದ ಮಡಿಕ್ಯಾಗ ಮುಚ್ಚಿಕೊಂಡು ಬಂದೆ.
ಹೆಂಗೂ ನೀರಾಗ ಮುಳಗೂದಿತ್ತು, ಹೌದು.
ಆದರೂ ಅತ್ತಾಗ ಇತ್ತಾಗ ನೋಡಿದ್ದು ನೋಡಿದ್ದ.

ಮೊನ್ನಿ ಹೊಲಿದ ಜಂಪರ ಕೊಡಾಕ ಹೋದಾಗ
ಎರಡು ಸೆಕ್ಟರಿನಾಚೆ ಒಂದು ಗೇಟಿನೊಳಗ ಕಂಡೆ.
ಅದ ಕೋಲು. ಕೋಲಿಗೆ ಗಿಳಿಹಸರ ಖಣದ ಪಟ್ಟಿ.
ಪಟ್ಟಿಗೆ ನನ್ನ ಗಂಟು:
ಎರಡು ಸುತ್ತು, ಒಂದು ಒಳಸುತ್ತು,
ಬಿಚ್ಚಬೇಕಂದ್ರ ಹಲ್ಲ ಬೇಕು.

ಬೈಗಳ ತುಟಿತನಕ ಬಂದುವು,
ಭಾಳ ಛಲೋ ಬೈಗಳ, ತಿಂಗಳಿಂದ ಕೂಡಿಸಿಟ್ಟಿದ್ದು.
ಒಂದು ಹುಡುಗಿ ಚರಿಗಿಲೆ ನೀರು ಹಾಕಾಕತ್ತಿತ್ತು,
ಹಾಕೇ ಹಾಕಾಕತ್ತಿತ್ತು,
ನೀರು ಗೇಟು ದಾಟಿ ನನ್ನ ಚಪ್ಪಲಿತನಕ ಬಂತು.
"ಸಾಕವಾ, ಬೇರು ಕೊಳೀತಾವ" ಅಂದೆ.
ಇದರ ಹೊರತು ಮತ್ತೇನೂ ಬಾಯಿಗೆ ಬರಲಿಲ್ಲ.

ಅದರವ್ವ ಬಂದ್ಲು, ಜ್ವಾಳದ ಹಿಟ್ಟಿನ ಕೈ.
"ಗಾಡಿಯಾಂವ ತಂದಿದ್ದ್ರಿ. ನೂರಾ ಇಪ್ಪತ್ತು ಅಂದ,
ಜಗಳಾಡಿ ತೊಂಬತ್ತಕ್ಕ ತಗೊಂಡೆ."
ತೊಂಬತ್ತು!
ಕಳವಾದದ್ದಕ್ಕಿಂತ
ಆ ಮೂವತ್ತು ರೂಪಾಯಿ ನನ್ನ ಎದ್ಯಾಗ ನಟ್ಟಿತು.

"ಒಂದು ಕಡ್ಡಿ ಕೊಡ್ತೀರೇನ್ರಿ?"
ಕೊಟ್ಲು. ಕೈ ತೊಳಕೊಂಡು ಬಂದು ತಾನ ಮುರದು,
"ನೆರಳಾಗ ಇಡ್ರಿ ಅಕ್ಕಾರ, ನೀರು ಭಾಳ ಹಾಕಬ್ಯಾಡ್ರಿ" ಅಂತ
ನಾ ಅಂದದ್ದನ್ನ ನನಗ ಹೇಳಿ.
ಬರೂಮುಂದ ಗಂಟು ಸಡಲಾಗಿತ್ತು,
ಬಿಗಿ ಮಾಡಿ ಬಂದೆ.

ಕೇಳಿ ತಂದ ಕಡ್ಡಿ ಹತ್ತೂದಿಲ್ಲ,
ಕದ್ದು ತಂದದ್ದ ಚಿಗರತೈತಿ ಅಂತಾರ ನಮ್ಮತ್ತಿ.
ಅದಕ್ಕ, ಕಡ್ಡಿಗೆ ತಿಳೀಬಾರದಂತ
ಆಟೋದಾಗ ಅದನ್ನ ಸೆರಗಿನಾಗ ಮುಚ್ಚಿಕೊಂಡು
ಅತ್ತಾಗ ಇತ್ತಾಗ ನೋಡಕೋತ ಬಂದೆ.